1.5 ಗಿಗಾಹರ್ಟ್ಜ್ ಪ್ರೊಸೆಸರ್ 1.2ಕ್ಕೇ ನಿಂತಾಗ

ಆ ಬೋರ್ಡಿನ ಪ್ರೊಸೆಸರ್ 1.5 ಗಿಗಾಹರ್ಟ್ಜ್‌ನದು. ಆದರೆ ಲಿನಕ್ಸ್ ಬೂಟ್ ಆದಮೇಲೆ ಎಷ್ಟೇ ಕೆಲಸ ಹೇರಿದರೂ 1.2 ದಾಟಲಿಲ್ಲ. ವೇಗದ ಮೇಲ್ಮಿತಿ ಇರುವ ಸ್ಕೇಲಿಂಗ್ ಮ್ಯಾಕ್ಸ್ ಫ್ರೀಕ್ ಫೈಲಿಗೆ 1500000 ಬರೆದರೆ ಎರರ್ ಇಲ್ಲ. ತಿರುಗಿ ಓದಿದರೆ ಅದೇ 1200000. ಈ ಫೈಲುಗಳ ಲೆಕ್ಕವೆಲ್ಲ ಕಿಲೋಹರ್ಟ್ಜ್, ಬೋರ್ಡಿನ ಹಾರ್ಡ್‌ವೇರನ್ನು ಲಿನಕ್ಸಿಗೆ ವಿವರಿಸುವ ಡಿವೈಸ್ ಟ್ರೀಯದ್ದು ಹರ್ಟ್ಜ್. ಮೂರು ಸೊನ್ನೆ ಆಚೀಚೆಯಾದರೂ ಪ್ರೊಸೆಸರ್ ಓಡಬಹುದಾದ ವೇಗಗಳ ಟೇಬಲ್ ಕೆಡುತ್ತದೆ, ಹಾಗಾಗಿ ಅದನ್ನು ಮೊದಲೇ ನೋಡಿಕೊಂಡಿದ್ದಾಯಿತು.

ಎರರ್ ಬಾರದಿರಲು ಕಾರಣವಿದೆ. ನಾವು ಬರೆಯುವ ಸಂಖ್ಯೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಪಾಲಿಗೆ ಬರೀ ಕೋರಿಕೆ. ಬಿಸಿಯನ್ನು ನೋಡಿಕೊಳ್ಳುವ ಥರ್ಮಲ್ ಭಾಗವೂ ತನ್ನ ಕೋರಿಕೆ ಇಟ್ಟಿರುತ್ತದೆ, ಎಲ್ಲಕ್ಕಿಂತ ಕಡಿಮೆಯದೇ ಜಾರಿಗೆ ಬರುತ್ತದೆ. ಅದನ್ನೂ ವೇಗ ಬದಲಿಸುವ ಡ್ರೈವರಿನ ವೆರಿಫೈ ಫಂಕ್ಷನ್ ಟೇಬಲ್ಲಿನ ಮಿತಿಯೊಳಗೆ ತರುತ್ತದೆ. ಆದ್ದರಿಂದ ಟೇಬಲ್ಲಿನ ಅತಿ ಹೆಚ್ಚಿನ ವೇಗ ತೋರಿಸುವ ಸಿಪಿಯು ಇನ್ಫೋ ಮ್ಯಾಕ್ಸ್ ಫ್ರೀಕ್ ಎಷ್ಟು ಎಂದು ನೋಡದೆ ಮುಂದೆ ಹೋಗಬಾರದು. ಅದು ಸರಿಯಿದ್ದು ಸ್ಕೇಲಿಂಗ್ ಮ್ಯಾಕ್ಸ್ ಮಾತ್ರ ಕಡಿಮೆಯಿದ್ದರೆ, ಕೂಲಿಂಗ್ ಡಿವೈಸಿನ ಕರ್ ಸ್ಟೇಟ್ ಸೊನ್ನೆಯಿದೆಯೇ ಎಂದು ಹುಡುಕಬೇಕು; ಸೊನ್ನೆಯಲ್ಲದಿದ್ದರೆ ಬಿಸಿಯ ಕಾರಣಕ್ಕೆ ವೇಗ ತಗ್ಗಿದೆ ಎಂದರ್ಥ. ಇಲ್ಲಿ ಸಿಪಿಯು ಇನ್ಫೋ ಮ್ಯಾಕ್ಸ್ ಫ್ರೀಕ್ ಕೂಡ 1200000. ಅಂದರೆ 1.5 ಟೇಬಲ್ಲಿಗೇ ಸೇರಿಲ್ಲ.

ಡಿವೈಸ್ ಟ್ರೀಯಲ್ಲಿ 1.5ರ ಓಪಿಪಿ, ಅಂದರೆ ಒಂದು ವೇಗ ಮತ್ತು ಅದಕ್ಕೆ ಬೇಕಾದ ವೋಲ್ಟೇಜಿನ ಜೋಡಿ, ಸರಿಯಾಗಿಯೇ ಕೂತಿತ್ತು. ಬೂಟ್ ಲಾಗಿನಲ್ಲಿ ಮಾತ್ರ, ಈ ಓಪಿಪಿಯ ವೋಲ್ಟೇಜನ್ನು ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ರೆಗ್ಯುಲೇಟರ್ ಕೊಡಲಾರದು ಎಂಬ ಒಂದು ಸಾಲು. ಬರೆದಿದ್ದು 1310000 ಮೈಕ್ರೋವೋಲ್ಟ್, ಒಂಟಿ ಸಂಖ್ಯೆ. ಹಾಗೆ ಬರೆದರೆ ಗುರಿ, ಕನಿಷ್ಠ, ಗರಿಷ್ಠ ಮೂರೂ ಅದೇ ಆಗುತ್ತದೆ. ಪವರ್ ಚಿಪ್ಪಿನ ಬಕ್, ಅಂದರೆ ಆ ರೆಗ್ಯುಲೇಟರ್, ಏರುವುದು 12.5 ಮಿಲಿವೋಲ್ಟ್‌ನಂತೆ: 1.3000 ಆದಮೇಲೆ ನೇರ 1.3125. ನಡುವಿನ 1.3100 ಅದರ ಬಳಿ ಇಲ್ಲವೇ ಇಲ್ಲ. ಕರ್ನಲ್ ಆ ಓಪಿಪಿಯನ್ನು ಕೈಬಿಟ್ಟದ್ದು ಸರಿಯೇ.

ಇಂಥ ಕಡೆ ಡ್ರೈವರಿಗೆ ಕೈಹಾಕಿ ಪಾಲಿಸಿಯ ಮ್ಯಾಕ್ಸ್‌ಗೆ, ಅಂದರೆ ಕರ್ನಲ್ ಇಟ್ಟುಕೊಳ್ಳುವ ವೇಗದ ಮಿತಿಗೆ, 1500000 ತುರುಕುವವರಿದ್ದಾರೆ. ದಯವಿಟ್ಟು ಬೇಡ. ವೆರಿಫೈ ಅದನ್ನು ಮತ್ತೆ ಇಳಿಸುತ್ತದೆ. ಅದನ್ನೂ ತಪ್ಪಿಸಿ ಕ್ಲಾಕನ್ನು ನೇರವಾಗಿ ಏರಿಸಿದರೆ, 1.2ರ ವೋಲ್ಟೇಜಿನಲ್ಲಿ 1.5 ಓಡುತ್ತದೆ. ತಕ್ಷಣ ಏನೂ ಆಗದಿರಬಹುದು; ಲೋಡ್ ಬಿದ್ದಾಗ ಎಲ್ಲೋ ಸಂಬಂಧವಿಲ್ಲದ ಕಡೆ ಕ್ರ್ಯಾಶ್, ಅಥವಾ ಸದ್ದಿಲ್ಲದೆ ಡೇಟಾ ಕೆಡುವುದು. ಏರುವಾಗ ವೋಲ್ಟೇಜ್ ಮೊದಲು, ಇಳಿಯುವಾಗ ಕ್ಲಾಕ್ ಮೊದಲು ಎಂಬ ಕ್ರಮವನ್ನು ಓಪಿಪಿ ಲೈಬ್ರರಿ ಪಾಲಿಸುವುದು ಇದಕ್ಕಾಗಿಯೇ.

ಬದಲಿಸಿದ್ದು ಡಿವೈಸ್ ಟ್ರೀಯ ಒಂದೇ ಸಾಲು. ಗುರಿ 1312500, ಕನಿಷ್ಠ 1310000, ಗರಿಷ್ಠ 1325000, ಇದೇ ಕ್ರಮದಲ್ಲಿ. ಗರಿಷ್ಠ ಸಂಖ್ಯೆಯನ್ನು ಪ್ರೊಸೆಸರಿನ ಡೇಟಾಶೀಟಿನಿಂದಲೇ ತೆಗೆಯಬೇಕು, ಅಂದಾಜು ಸಲ್ಲದು. ಡಿವೈಸ್ ಟ್ರೀಯಲ್ಲಿ ರೆಗ್ಯುಲೇಟರಿಗೆ ಬರೆದ ಮೇಲ್ಮಿತಿಯೂ ಗುರಿಗಿಂತ ಕೆಳಗಿರಬಾರದು. ಇದ್ದರೆ ಓಪಿಪಿ ಮತ್ತೆ ಬಿದ್ದುಹೋಗುತ್ತದೆ.

ಮರುಬೂಟ್ ಆದಮೇಲೆ ಫೈಲುಗಳು 1500000 ತೋರಿಸಿದವು. ಅಷ್ಟನ್ನೇ ನಂಬುವಂತಿಲ್ಲ, ಅದು ಕರ್ನಲ್ಲಿನ ಲೆಕ್ಕ, ಅಳತೆಯಲ್ಲ. ಗರಿಷ್ಠ ವೇಗದಲ್ಲೇ ಓಡಿಸುವ ಪರ್ಫಾರ್ಮೆನ್ಸ್ ಗವರ್ನರ್ ಹಾಕಿ, ಅಳತೆಯ ಉಪಕರಣವಾದ ಪರ್ಫ್ ಸ್ಟ್ಯಾಟ್‌ನಲ್ಲಿ ಸೈಕಲ್ಲುಗಳನ್ನು ಟಾಸ್ಕ್ ಕ್ಲಾಕಿನಿಂದ, ಅಂದರೆ ಕೆಲಸಕ್ಕೆ ಹಿಡಿದ ಸಿಪಿಯು ಸಮಯದಿಂದ, ಭಾಗಿಸಿದರೆ ನಿಜವಾದ ವೇಗ ಸಿಗುತ್ತದೆ. ಜೊತೆಗೆ ಎಲ್ಲ ಕೋರುಗಳಿಗೂ ಕೆಲಸ ಕೊಟ್ಟು, ಪ್ರೊಸೆಸರಿನ ಪಕ್ಕದ ಕೆಪಾಸಿಟರ್ ಮೇಲೆ ಮಲ್ಟಿಮೀಟರ್ ಹಿಡಿಯಬೇಕು. ಲೋಡಿನಲ್ಲಿ 1.31ಕ್ಕಿಂತ ಕೆಳಗೆ ಜಾರಿದರೆ ಗುರಿಯನ್ನು ಮುಂದಿನ ಹೆಜ್ಜೆಗೆ, ಅಂದರೆ 1325000ಕ್ಕೆ, ಏರಿಸಿ ಮತ್ತೆ ಅಳೆಯಬೇಕು.