ಕೊನೆಯ ಹತ್ತು ಮೀಟರ್

"ಇನ್ನೂ ಎಷ್ಟು ದೂರ ಅಮ್ಮಾ?"

ನಮ್ಮ ಸೈಕಲ್ ಸವಾರಿಗಳೆಲ್ಲ ಈ ಪ್ರಶ್ನೆ ಬಂದ ಕೂಡಲೇ ಮುಗಿಯುತ್ತಿದ್ದವು. ಮಗನಿಗೆ ಆರು ವರ್ಷ. ಅವನ ಸೈಕಲ್ಲಿನ ಚಕ್ರ 16 ಇಂಚಿನದು, ಒಂದು ಸುತ್ತಿಗೆ ಸುಮಾರು ಒಂದೂಕಾಲು ಮೀಟರ್ ಹೋಗುತ್ತದೆ. ನನ್ನದು ಎರಡು ಮೀಟರ್ ದಾಟುತ್ತದೆ. ನಾನು ಆರಾಮಾಗಿ ತುಳಿಯುತ್ತಿದ್ದರೆ ಅವನು ಪಕ್ಕದಲ್ಲಿ ಏದುಸಿರು ಬಿಡುತ್ತಿರುತ್ತಾನೆ. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಸೈಕಲ್ ನೆಲಕ್ಕೆ, ಅವನು ಅದರ ಪಕ್ಕಕ್ಕೆ. ತಪ್ಪು ಅವನದಲ್ಲ. ತಂಪು ಗಾಳಿ, ಒಳ್ಳೆ ದಾರಿ ಅನ್ನೋದೆಲ್ಲ ದೊಡ್ಡವರಿಗೆ ಸಾಕು. ಆರು ವರ್ಷದವನಿಗೆ ಅಷ್ಟಕ್ಕೆಲ್ಲ ಯಾಕೆ ತುಳಿಯಬೇಕು?

ಕಳೆದ ಭಾನುವಾರ ಅದೇ ಹುಡುಗ ಒಂಬತ್ತು ಕಿಲೋಮೀಟರ್ ತುಳಿದ. ಜಿಯೋಕ್ಯಾಶಿಂಗ್ ಪುಣ್ಯ.

"ಕ್ಯಾಶ್ ಅಂದ್ರೆ ದುಡ್ಡಾ?" ಅಂತ ಅವನು ಮೊದಲೇ ಕೇಳಿದ್ದ. ದುಡ್ಡಲ್ಲ ಕಣೋ, ಬಚ್ಚಿಟ್ಟ ಡಬ್ಬಿ ಅಂದೆ. ಯಾರೋ ಒಬ್ಬರು ಒಂದು ಡಬ್ಬಿ ಅಡಗಿಸಿಟ್ಟು, ಅದಿರುವ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿರುತ್ತಾರೆ. ನಾವು ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು. ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಹಿಂದಿನ ರಾತ್ರಿ ಮಕ್ಕಳಿಗೆ ಇದರ ಕಥೆಯನ್ನೂ ಹೇಳಿದ್ದೆ. 2000ನೇ ಇಸವಿಯ ಮೇ ಆರಂಭದವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಬೆನ್ನಲ್ಲೇ, ಮೇ 3ರಂದು, ಡೇವ್ ಉಲ್ಮರ್ ಅನ್ನೋರು ಒರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಎಲ್ಲಿದೆ ಅಂತ ಇಂಟರ್ನೆಟ್ಟಿನಲ್ಲಿ ಬರೆದರು. ಅದರೊಳಗೆ ಪುಸ್ತಕ, ದುಡ್ಡು, ಒಂದು ಕವಣೆ ಎಲ್ಲ ಇತ್ತಂತೆ. ಈಗ ಜಗತ್ತಿನಲ್ಲಿ ಅಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ. ಮಗನ ತಲೆಯಲ್ಲಿ ಉಳಿದದ್ದು ಕವಣೆ ಮಾತ್ರ.

ನಾವು ಆರಿಸಿಕೊಂಡದ್ದು ಕಾಲುವೆ ಪಕ್ಕದ ದಾರಿ, ಐದು ಡಬ್ಬಿಗಳು. ಪ್ರತಿ ಡಬ್ಬಿಗೂ ಎರಡು ಅಂಕಿ ಇರುತ್ತವೆ. ಹುಡುಕೋದು ಎಷ್ಟು ಕಷ್ಟ, ಅಲ್ಲಿಗೆ ತಲುಪೋದು ಎಷ್ಟು ಕಷ್ಟ ಅಂತ ಒಂದರಿಂದ ಐದರವರೆಗೆ. ಸೈಕಲ್ ಮತ್ತು ಮಕ್ಕಳು ಇರುವಾಗ ಎರಡನೇ ಅಂಕಿಯನ್ನು ಮೊದಲು ನೋಡಬೇಕು. ಎರಡಕ್ಕಿಂತ ಮೇಲಿದ್ದದ್ದನ್ನೆಲ್ಲ ಬಿಟ್ಟೆವು. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡೆವು. ಒಂದು ಪೆನ್ನು, ಒಂದು ಪವರ್ ಬ್ಯಾಂಕ್. ಸಣ್ಣ ಡಬ್ಬಿಗಳಲ್ಲಿ ಪೆನ್ನಿಗೆ ಜಾಗ ಇರಲ್ಲ, ಮರೀಬೇಡಿ.

ಮೊದಲನೆಯದು ಐದೇ ನಿಮಿಷದಲ್ಲಿ ಸಿಕ್ಕಿತು. ಬೋರ್ಡಿನ ಕಂಬಕ್ಕೆ ಆಯಸ್ಕಾಂತದಿಂದ ಅಂಟಿಕೊಂಡಿತ್ತು, ಹೆಬ್ಬೆರಳಿನಷ್ಟು ದೊಡ್ಡದು. ಎರಡನೆಯದು ಸಣ್ಣ ಸೇತುವೆಯ ಹತ್ತಿರ. ಮುಕ್ಕಾಲು ಗಂಟೆ ಹುಡುಕಿದೆವು. ಕಂಬಿ ತಡವಿದೆವು, ಕಲ್ಲಿನ ಸಂದಿಗೆ ಟಾರ್ಚ್ ಬಿಟ್ಟೆವು, ಊಹೂಂ. ಯಾರಾದರೂ ನಡೆದು ಬಂದರೆ ಸುಮ್ನೆ ನೀರು ನೋಡುವವರ ಹಾಗೆ ನಿಲ್ಲಬೇಕು. ಆಟ ಗೊತ್ತಿಲ್ಲದವರ ಕಣ್ಣಿಗೆ ಬಿದ್ದರೆ ಡಬ್ಬಿ ಮಾಯ ಆಗುವ ಭಯ. ಮಗಳಿಗೆ ಬಿಟ್ಟು ಹೊರಡೋಕೆ ಮನಸ್ಸೇ ಇರಲಿಲ್ಲ. ಸಿಗಲಿಲ್ಲ ಅಂತ ಆ್ಯಪಿನಲ್ಲಿ ಬರೆಯುವುದೂ ಈ ಆಟದ ಭಾಗವೇ ಅಂತ ಹೇಳಿ, ಅವಳ ಕೈಯಲ್ಲೇ ಬರೆಸಿದೆ.

ಸ್ವಲ್ಪ ಮುಂದೆ ಮಗನ ಸೈಕಲ್ಲಿನ ಚೈನ್ ಬಿತ್ತು. ಇವರು ಕೈ ಕಪ್ಪು ಮಾಡಿಕೊಂಡು ಅದನ್ನು ಹಾಕುವಷ್ಟರಲ್ಲಿ ಮಗಳು ಮೂರನೇ ಡಬ್ಬಿಯ ಸುಳಿವು ಬಿಡಿಸಿದ್ದಳು. ಸುಳಿವು ಗುಪ್ತ ಲಿಪಿಯಲ್ಲಿರುತ್ತದೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಪ್ರತಿಯೊಂದನ್ನೂ 13 ಮನೆ ಸರಿಸಿರುತ್ತಾರೆ. ಎ ಇದ್ದರೆ ಎನ್, ಎನ್ ಇದ್ದರೆ ಎ. ಆ್ಯಪಿನಲ್ಲಿ ಒಂದು ಗುಂಡಿ ಒತ್ತಿದರೆ ತಾನೇ ಬಿಡಿಸಿಕೊಡುತ್ತದೆ. ಅವಳು ಒತ್ತಲಿಲ್ಲ. ಚೀಟಿಯಲ್ಲಿ 13 ಅಕ್ಷರ ಮೇಲೆ, 13 ಕೆಳಗೆ ಬರೆದುಕೊಂಡು ಒಂದೊಂದೇ ಹುಡುಕಿದಳು. "ಬೇರು" ಅಂತ ಬಂತು. ಹತ್ತು ವರ್ಷದವಳ ಮುಖ ನೋಡಬೇಕಿತ್ತು ಆಗ.

ಮೂರನೆಯದು ಹಳೇ ಮರಗಳ ಗುಂಪಿನಲ್ಲಿ. ನಾನು ಈ ಬರಹ ಬರೆಯುತ್ತಿರುವುದೇ ಅದಕ್ಕೋಸ್ಕರ.

ಫೋನು ನಾಲ್ಕು ಮೀಟರ್ ಅಂದಿತು. ಎರಡು ಹೆಜ್ಜೆ ಇಟ್ಟರೆ ಹನ್ನೊಂದು. ನಿಂತರೆ ಮತ್ತೆ ಆರು. ಬಾಣ ಗಿರಗಿರ ತಿರುಗುತ್ತಿತ್ತು. ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುವುದುಂಟು. ಮರದ ಕೆಳಗೆ ಇನ್ನೂ ಜಾಸ್ತಿ. ಡಬ್ಬಿ ಇಟ್ಟವರು ಅಳತೆ ತೆಗೆದುಕೊಂಡಾಗಲೂ ಅಷ್ಟೇ ತಪ್ಪಾಗಿರಬಹುದು, ಅಲ್ವಾ? ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳು ನಮ್ಮನ್ನು ಈ ಮರದವರೆಗೆ ಕರೆತಂದದ್ದೇ ದೊಡ್ಡದು. ಅಲ್ಲಿಂದ ಮುಂದೆ ಕಣ್ಣು, ಕೈಗಳದ್ದೇ ಕೆಲಸ. ಫೋನು ಜೇಬಿಗೆ ಹಾಕಿದೆ. ಇವರೂ ಹಾಕಿದರು.

ನಾಲ್ಕೂ ಜನ ಮಾತಿಲ್ಲದೆ ಸುತ್ತಿದೆವು. ಅಗೆಯುವ ಹಾಗಿಲ್ಲ, ಹೂತಿಡಬಾರದು ಅನ್ನೋದು ಆಟದ ನಿಯಮ. ಹಾಗಾಗಿ ಡಬ್ಬಿ ನೆಲದ ಮೇಲೇ ಎಲ್ಲೋ ಇರಬೇಕು. ನಾವು ದೊಡ್ಡವರು ಬಗ್ಗಿ ಬಗ್ಗಿ ನೋಡಿ ಸೊಂಟ ಹಿಡಿದುಕೊಂಡೆವು. ಮಗ ಸುಮ್ಮನೆ ಒಂದು ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಎರಡು ದಪ್ಪ ಬೇರುಗಳ ಮಧ್ಯೆ ಸಂದಿ, ಸಂದಿಗೆ ಅಡ್ಡವಾಗಿ ಒಣ ಕಡ್ಡಿಗಳು.

"ಅಮ್ಮಾ, ಕಡ್ಡಿ ಹೀಗೆ ಬೀಳಲ್ಲ."

ನಿಜ. ಏಳೆಂಟು ಕಡ್ಡಿಗಳು, ಎಲ್ಲ ಒಂದೇ ಉದ್ದ, ಒಂದರ ಪಕ್ಕ ಒಂದು, ಯಾರೋ ಜೋಡಿಸಿಟ್ಟ ಹಾಗೆ. ಮರದಿಂದ ಉದುರಿದ ಕಡ್ಡಿ ಅಡ್ಡಾದಿಡ್ಡಿ ಬಿದ್ದಿರುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದೊಂದೇ ಕಡ್ಡಿ ತೆಗೆದ. ಹಿಂದೆ ಹಸಿರು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ನಾಲ್ಕು ಕ್ಲಿಪ್ಪುಗಳು ಟಕ್ ಟಕ್ ಅಂತ ಬಿಟ್ಟುಕೊಂಡವು. ಒಳಗಿನಿಂದ ಒದ್ದೆ ಕಾಗದದ ವಾಸನೆ ಬಂತು. ಪುಸ್ತಕದ ಅಂಚು ನೀರು ಕುಡಿದು ಉಬ್ಬಿತ್ತು, ಕೆಲವು ಹೆಸರುಗಳ ಶಾಯಿ ಹರಡಿ ನೀಲಿ ಮೋಡದ ಹಾಗೆ ಆಗಿತ್ತು. ಜೊತೆಗೆ ಒಂದು ಕೀಚೈನ್, ಎರಡು ಗುಂಡಿ, ಪ್ಲಾಸ್ಟಿಕ್ ಆಮೆ. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಹೆಚ್ಚಿನದ್ದನ್ನೋ ಇಡಬೇಕು. ಮಗ ಜೇಬಿನಿಂದ ತನ್ನ ಹಸಿರು ಗೋಲಿ ತೆಗೆದ. ಅದು ಅವನು ಯಾರಿಗೂ ಮುಟ್ಟೋಕೆ ಕೊಡದ ಗೋಲಿ. ಆಮೆಯನ್ನೂ ಗೋಲಿಯನ್ನೂ ಎರಡು ಅಂಗೈಯಲ್ಲಿಟ್ಟು ತುಂಬಾ ಹೊತ್ತು ನೋಡಿದ. ಕೊನೆಗೆ ಗೋಲಿ ಡಬ್ಬಿಗೆ ಹೋಯಿತು.

ಕಡ್ಡಿಗಳನ್ನು ವಾಪಸ್ ಜೋಡಿಸಿದವನೂ ಅವನೇ. ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದ, ಮತ್ತೆ ಹೋಗಿ ಎರಡನ್ನು ಓರೆ ಮಾಡಿದ.

ನಾಲ್ಕನೆಯದು, ಐದನೆಯದು ಬೇಗ ಸಿಕ್ಕವು. ಒಂಬತ್ತು ಕಿಲೋಮೀಟರಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಸೈಕಲ್ ಲೆಕ್ಕದಲ್ಲಿ ಇದು ತೀರಾ ನಿಧಾನ. ನನಗೆ ಇಷ್ಟು ಇಷ್ಟವಾದ ಸವಾರಿ ಇನ್ನೊಂದಿಲ್ಲ.

ಬುಧವಾರ ಸಂಜೆ ಮಗಳು ಆ್ಯಪ್ ತೆಗೆದು ಕೂಗಿದಳು. ಸೇತುವೆ ಹತ್ತಿರದ ಡಬ್ಬಿ ಹಿಂದಿನ ದಿನ ಯಾರಿಗೋ ಸಿಕ್ಕಿದೆ! ಅಂದರೆ ನಾವು ಹುಡುಕುವಾಗಲೂ ಅದು ಅಲ್ಲೇ ಇದ್ದಿರಬೇಕು. ಈಗ ಅವಳ ಮೇಜಿನ ಮೇಲಿನ ಗೋಡೆಗೆ ಸೇತುವೆಯ ಚಿತ್ರ ಅಂಟಿಸಿದ್ದಾಳೆ. ನಾವು ಕೈ ಹಾಕಿದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು. ಎಡಗಡೆ ಕಂಬಿಯ ಕೆಳಭಾಗ ಮಾತ್ರ ಖಾಲಿ ಇದೆ. ಅಲ್ಲಿಗೆ ತನ್ನ ಕೈ ಮಾತ್ರ ಹೋಗೋದು ಅಂತ ತಮ್ಮ ಹೇಳಿದ್ದಾನೆ.