ಹೊಗೆಯ ಜಾಗದಲ್ಲಿ ನೀರು

ಇವತ್ತು ಒಂದು ಹೈಡ್ರೋಜನ್ ಬಸ್ಸಿನ ಹಿಂದೆ ನಿಂತಿದ್ದೆ. ಅಭ್ಯಾಸಬಲ, ಮೂಗು ಮುಚ್ಚಿಕೊಂಡೆ.
ಹೊಗೆ ಬರಲೇ ಇಲ್ಲ. ಕೊಳವೆ ತುದಿಯಿಂದ ತೊಟ್ ತೊಟ್ ಅಂತ ನೀರು.

ಬರೀ ನೀರು!

ಒಳಗೆ ಏನೂ ಉರಿಯಲ್ಲ. ಹೈಡ್ರೋಜನ್ನು, ಗಾಳಿಯ ಆಮ್ಲಜನಕ ಸೇರಿದಾಗ ಕರೆಂಟು ಹುಟ್ಟುತ್ತೆ, ಮೋಟರು ತಿರುಗುತ್ತೆ. ಜೊತೆಗೆ ನೀರೂ ಹುಟ್ಟುತ್ತೆ: 1 ಕೆಜಿ ಹೈಡ್ರೋಜನ್ನಿಗೆ ಸುಮಾರು 9 ಕೆಜಿ. ಈ ವಿದ್ಯೆ 19ನೇ ಶತಮಾನದಲ್ಲೇ ವಿಜ್ಞಾನಿ ವಿಲಿಯಂ ಗ್ರೋವ್‌ಗೆ ಗೊತ್ತಿತ್ತು. ಇಷ್ಟು ವರ್ಷ ಹೊಗೆ ಕುಡಿದೆವಲ್ಲ ಅಂತ ಸಂಕಟವಾಯಿತು.

ಆದರೆ ಆ ಹೈಡ್ರೋಜನ್ ಬಂದದ್ದೆಲ್ಲಿಂದ? ಇವತ್ತಿಗೂ ಹೆಚ್ಚಿನ ಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ. ಅಲ್ಲೆಲ್ಲೋ ಇಂಗಾಲ ಗಾಳಿಗೆ ಸೇರುತ್ತಲೇ ಇದೆ. ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನೇ ಒಡೆದು ತೆಗೆದರೆ ಈ ಹನಿ ನಿಜಕ್ಕೂ ಶುದ್ಧ.

ಬಸ್ಸು ಹೋಯಿತು. ರಸ್ತೆ ಮೇಲೆ ಅಂಗೈಯಗಲ ಒದ್ದೆ. ಅದು ಒಣಗೋವರೆಗೂ ಅಲ್ಲೇ ನಿಂತಿದ್ದೆ.