ಪರ್ಸೆಂಟ್ ಆಮೇಲೆ, ಮೊದಲು ಗಂಟು ಯಾವುದು

ಹೋದ ತಿಂಗಳು ಹಾವೇರಿ ಕಡೆಯ ಒಬ್ಬರು ತಮ್ಮನ ಬಯಾಪ್ಸಿ ಬ್ಲಾಕ್ (ಗಂಟಿನಿಂದ ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿದ್ದು) ಹಿಡಿದುಕೊಂಡು ನಮ್ಮ ಪೆಥಾಲಜಿ ಲ್ಯಾಬಿಗೆ ಬಂದರು. ತಮ್ಮ ಗಾರೆ ಕೆಲಸದವನು, 26 ವರ್ಷ. ಮೂರೇ ವಾರದಲ್ಲಿ ಮುಂಗೈಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಮೊದಲು ನೋಡಿದ ಕಡೆ 'ಸಾರ್ಕೋಮಾ, ಕೆಐ-67 30%, ಹೈ ಗ್ರೇಡ್' ಎಂದು ಬರೆದಿದ್ದರು. ಅಂದರೆ ಮಾಂಸ, ಕೊಬ್ಬಿನಂಥ ಅಂಗಾಂಶದ ಕ್ಯಾನ್ಸರ್, ಅದೂ ಉಗ್ರವಾದದ್ದು. "ಕೈ ತಗೀಬೇಕಾಗ್ತೈತೇನ್ರಿ ಮೇಡಂ?" ಅಂದರು. ಸ್ಲೈಡ್ ನೋಡದೆ ನಾನು ಏನು ಹೇಳಲಿ?

ಕೆಐ-67 ಒಂದು ಪ್ರೋಟೀನ್. ಒಡೆದು ಎರಡಾಗಲು ಹೊರಟ ಜೀವಕೋಶದಲ್ಲಿ ಇರುತ್ತದೆ, ಸುಮ್ನೆ ಕೂತ ಕೋಶದಲ್ಲಿ ಇರುವುದಿಲ್ಲ. ಅದನ್ನು ಗುರುತಿಸುವ ಆಂಟಿಬಾಡಿ 1983ರಲ್ಲಿ ಜರ್ಮನಿಯ ಕೀಲ್ ಊರಿನಲ್ಲಿ ಬಂತು. ಊರಿನ ಹೆಸರಿನಿಂದ ಕೆಐ, ಅದು ಸಿಕ್ಕ ತಟ್ಟೆಯ ಗುಳಿಯ ನಂಬರ್ 67. ಆ ಆಂಟಿಬಾಡಿ ಹಾಕಿ ಬಣ್ಣ ಕೊಟ್ಟರೆ ಒಡೆಯುವ ಕೋಶದ ನ್ಯೂಕ್ಲಿಯಸ್ ಕಂದು, ಉಳಿದವು ನೀಲಿ. ನೂರಕ್ಕೆ ಎಷ್ಟು ಕಂದು ಅಂತ ಎಣಿಸಬೇಕು.

ಸಾರ್ಕೋಮಾಕ್ಕೆ ಗ್ರೇಡ್ ಕೊಡಲು ನಾವು ಬಳಸುವುದು ಫ್ರೆಂಚರ ಪದ್ಧತಿ. ಕೋಶ ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತದೆ, ಹತ್ತು ಫೀಲ್ಡಿನಲ್ಲಿ (ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವ ಜಾಗ) ಎಷ್ಟು ಮೈಟೋಸಿಸ್, ಅಂದರೆ ಒಡೆಯುತ್ತಿರುವ ಕೋಶ, ಎಷ್ಟು ಭಾಗ ಸತ್ತಿದೆ, ಮೂರಕ್ಕೂ ಅಂಕ. ಸೂಜಿ ಬಯಾಪ್ಸಿಯ ಎಳೆಯಷ್ಟು ತುಂಡಿನಲ್ಲಿ ಹತ್ತು ಫೀಲ್ಡ್ ಸಿಗುವುದೇ ಕಷ್ಟ. ಜಜ್ಜಿಹೋದ ನ್ಯೂಕ್ಲಿಯಸ್ಸೂ ಮೈಟೋಸಿಸ್‌ನಂತೆ ಕಾಣುತ್ತದೆ. ಅದಕ್ಕೇ ಜಪಾನಿನವರು ಮೈಟೋಸಿಸ್ ಜಾಗದಲ್ಲಿ ಕೆಐ-67 ಇಟ್ಟು ನೋಡಿದರು: 10%ಗಿಂತ ಕಡಿಮೆ ಇದ್ದರೆ 1 ಅಂಕ, 10ರಿಂದ 29ಕ್ಕೆ 2, 30 ಮತ್ತು ಮೇಲಕ್ಕೆ 3. ಚಿಕ್ಕ ತುಂಡು ಬಂದಾಗ ನನಗೂ ಇದು ತುಂಬಾ ನೆರವಾಗಿದೆ.

ಆದರೆ ಗಂಟು ಸಾರ್ಕೋಮಾ ಅಂತ ಗಟ್ಟಿಯಾದ ಮೇಲಷ್ಟೇ ಗ್ರೇಡಿನ ಮಾತು, ಅಲ್ವಾ?

ಆ ಹುಡುಗನ ಸ್ಲೈಡಿನಲ್ಲಿ ಉದ್ದನೆಯ ಕೋಶಗಳು ಸಡಿಲವಾಗಿ ಹರಡಿದ್ದವು. ನಡುನಡುವೆ ದಾರಿ ತಪ್ಪಿದ ಕೆಂಪು ರಕ್ತಕಣಗಳು. ಮೈಟೋಸಿಸ್ ಜಾಸ್ತಿಯೇ ಇತ್ತು. ಆದರೆ ಒಂದೊಂದೂ ಅಚ್ಚುಕಟ್ಟು. ಮೂರು ಕವಲಾಗಿ ಸೊಟ್ಟಗೆ ಒಡೆದದ್ದು ಒಂದೂ ಸಿಗಲಿಲ್ಲ. ಕಂದು ಚುಕ್ಕೆಗಳಲ್ಲಿ ಕೆಲವು ಗಂಟಿನ ಕೋಶಗಳೇ ಅಲ್ಲ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು. ಅವನ್ನು ಬಿಟ್ಟು ಮತ್ತೆ ಎಣಿಸಿದೆ. 22% ಬಂತು.

ಇದು ನಾಡ್ಯುಲರ್ ಫೇಶಿಯೈಟಿಸ್. ಸರಸರ ಬೆಳೆದು ನಿಂತುಬಿಡುವ, ಎಷ್ಟೋ ಸಲ ತಾನೇ ಕರಗುವ ಗಂಟು. ಕ್ಯಾನ್ಸರ್ ಅಲ್ಲ. ಬೆಳೆಯುವ ವಾರಗಳಲ್ಲಿ ಕೆಐ-67 ಏರಿಯೇ ಇರುತ್ತದೆ. ಖಾತ್ರಿಗೆ ಯುಎಸ್‌ಪಿ6 ಜೀನ್ ಟೆಸ್ಟಿಗೆ ಕಳಿಸಿದೆ. ಜೀನ್ ತುಂಡಾಗಿ ಜಾಗ ಬದಲಿಸಿತ್ತು. ಈ ಗಂಟಿನಲ್ಲಿ ಸಾಮಾನ್ಯವಾಗಿ ಕಾಣುವುದು ಅದೇ.

ಅಣ್ಣನಿಗೆ ಅವತ್ತೇ ಫೋನ್ ಮಾಡಿದೆ. ರಿಪೋರ್ಟಿನ ಮೊದಲ ಸಾಲಿನಲ್ಲಿ ಗಂಟಿನ ಹೆಸರು ಬರೆದು, ಗ್ರೇಡ್ ಎನ್ನುವ ಸಾಲನ್ನು ಪೂರ್ತಿ ತೆಗೆದುಹಾಕಿದೆ.